ಹೊಲಿದಿಟ್ಟ ಕೊನೆಯ ಪುಟ

ಹತ್ತನೇ ತರಗತಿಯ ಹುಡುಗಿಯರು ಬೆನ್ನ ಹಿಂದೆ ತಮ್ಮ ಇಂಗ್ಲಿಷ್ ಟೀಚರನ್ನು ‘ದಾರದ ಮೇಡಂ’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ತಮಗಿಂತ ಮುಂಚೆ ಅದೇ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವರಿಗೆ ‘ರೂಲುದೊಣ್ಣೆ’ ಎಂಬ ಹೆಸರಿತ್ತಂತೆ. ಅದರ ಮುಂದೆ ದಾರ ಎಷ್ಟೋ ವಾಸಿ ಎಂದು ಅವರು ಸಮಾಧಾನ ಮಾಡಿಕೊಂಡಿದ್ದರು.

ಹೆಸರು ಬಂದದ್ದು ಹೀಗೆ. ಪಠ್ಯಪುಸ್ತಕದಲ್ಲಿ ನಾಲ್ಕು ಕಥೆ, ಆರು ಪದ್ಯ. ಕಥೆಯ ಪಾಠ ಶುರುವಾಗುವ ಹಿಂದಿನ ಶನಿವಾರ ಮೇಡಂ ಮೂವತ್ತನಾಲ್ಕು ಹುಡುಗಿಯರ ಪುಸ್ತಕಗಳನ್ನೂ ಒಟ್ಟುಮಾಡಿ, ಎರಡು ಚೀಲಕ್ಕೆ ತುಂಬಿ, ಬಸ್ಸಿನಲ್ಲಿ ಮನೆಗೆ ತರುತ್ತಿದ್ದರು. ಭಾನುವಾರ ಮಧ್ಯಾಹ್ನ ಊಟದ ಮೇಜು ಒರೆಸಿ, ಒಂದು ಕಡೆ ಅತ್ತೆ, ಇನ್ನೊಂದು ಕಡೆ ತಾವು ಕೂತು, ಪ್ರತಿ ಪುಸ್ತಕದಲ್ಲೂ ಆ ಕಥೆಯ ಕೊನೆಯ ಎರಡು ಹಾಳೆಗಳ ಅಂಚು ಸೇರಿಸಿ ಬಿಳಿ ದಾರದಲ್ಲಿ ಟಾಕು ಹಾಕುತ್ತಿದ್ದರು. ತರಗತಿಯಲ್ಲಿ ಕಥೆ ಹೊಲಿಗೆಯವರೆಗೆ ಮಾತ್ರ. ಮುಂದೇನಾಯಿತು ಎಂಬುದನ್ನು ಹುಡುಗಿಯರೇ ಬರೆದು ತರಬೇಕು, ಬಂದಷ್ಟು ಇಂಗ್ಲಿಷಿನಲ್ಲಿ, ತಪ್ಪಾದರೆ ತಪ್ಪು. ಎಲ್ಲರದ್ದೂ ಕೈಸೇರಿದ ಮೇಲೆ ಒಂದೇ ಒಂದು ಕತ್ತರಿ ಬೆಂಚಿನಿಂದ ಬೆಂಚಿಗೆ ದಾಟುತ್ತಿತ್ತು. ದಾರ ಕತ್ತರಿಸಿ ಪುಸ್ತಕದ ಕೊನೆ ಓದಿ, “ಅಯ್ಯೋ, ಇಷ್ಟೇನಾ? ನಂದೇ ಚೆನ್ನಾಗಿತ್ತು!” ಎಂದು ಯಾರಾದರೂ ಕೂಗಿದರೆ ಮೇಡಂಗೆ ಆ ದಿನದ ಮಟ್ಟಿಗೆ ಬೇರೇನೂ ಬೇಕಾಗುತ್ತಿರಲಿಲ್ಲ.

ಅತ್ತೆ ಮೂವತ್ತು ವರ್ಷ ಯೂನಿಫಾರಂ ಅಂಗಡಿಯಲ್ಲಿ ಗುಂಡಿ ಹೊಲಿದವರು. ಇಂಗ್ಲಿಷಿನ ಒಂದಕ್ಷರ ಬಾರದು.

“ಪಾಪ ಆ ಕಥೆ, ಅದು ಏನೋ ಹೇಳೋಕೆ ಬಂದಿರತ್ತೆ, ನೀನು ಬಾಯಿ ಹೊಲಿದು ಕಳಿಸ್ತೀಯ” ಎನ್ನುತ್ತಾ ಹಲ್ಲಿನಿಂದ ದಾರ ಕತ್ತರಿಸುತ್ತಿದ್ದರು. ಆಮೇಲೆ ಸೊಸೆಯ ಹೊಲಿಗೆ ನೋಡಿ ಮೂಗು ಮುರಿಯುತ್ತಿದ್ದರು. “ಏನಮ್ಮ ಇದು, ಇರುವೆ ದಾರಿ ತಪ್ಪಿ ಹೋದ ಹಾಗಿದೆ.”

ಹುಡುಗಿಯಾಗಿದ್ದಾಗ ಮೇಡಂ ಒಂದು ಕಥೆಯ ಕೊನೆ ತನಗೆ ಹಿಡಿಸಲಿಲ್ಲ ಎಂದು ತರಗತಿಯಲ್ಲಿ ಎದ್ದು ನಿಂತು ಹೇಳಿದ್ದರು. ಬೆರಳ ಗೆಣ್ಣಿನ ಮೇಲೆ ಎರಡು ಏಟು ಬಿದ್ದಿತ್ತು. ಪದ್ಯಗಳನ್ನಂತೂ ಗೈಡಿನಿಂದ ಉರುಹೊಡೆದು, ಅರ್ಥವನ್ನೂ ಉರುಹೊಡೆದು, ಪರೀಕ್ಷೆಯ ಕೋಣೆಯಲ್ಲಿ ಕಕ್ಕಿ ಬಂದಿದ್ದರು. ನಲವತ್ತಾರು ವರ್ಷಕ್ಕೂ ಆ ಗೆಣ್ಣು ಮರೆತಿರಲಿಲ್ಲ. ಅದಕ್ಕೇ ತಮ್ಮ ತರಗತಿಯಲ್ಲಿ ಪದ್ಯವನ್ನು ಮೊದಲು ಮೂರು ಸಲ ಸುಮ್ಮನೆ ಗಟ್ಟಿಯಾಗಿ ಓದಿಸುತ್ತಿದ್ದರು, ಅರ್ಥ ಕೇಳುತ್ತಿರಲಿಲ್ಲ. ಆಮೇಲೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಇದರಲ್ಲಿರೋದನ್ನ ನೀವು ನಮ್ಮ ಊರಲ್ಲಿ ಎಲ್ಲಾದ್ರೂ ನೋಡಿದೀರಾ?”

ಗೋಡೆಗೆ ಒರಗಿಸಿಟ್ಟ ಏಣಿಯ ಕುರಿತು ಒಂದು ಪದ್ಯವಿತ್ತು. ಮೂರು ಸಲ ಓದಿದ ಮೇಲೆ ಈ ಪ್ರಶ್ನೆಗೆ ಹನ್ನೊಂದು ಏಣಿಗಳು ಸಿಕ್ಕಿದ್ದವು. ಪೇಂಟರ್ ಮಾವನ ಏಣಿ, ಗ್ರಂಥಾಲಯದ ಕುಂಟು ಏಣಿ, ಮೆಟ್ಟಿಲೇ ಇಲ್ಲದ ಒಂದು ಏಣಿ. ಪದ್ಯಕ್ಕೆ ಹೆದರುತ್ತಿದ್ದ ಹುಡುಗಿಯರು ಏಣಿಗೆ ಹೆದರಲಿಲ್ಲ. ಕಥೆಗೂ ಇದೇ ಪ್ರಶ್ನೆ. ‘ಹುಡುಕಿ, ಕಥೆ ಪುಸ್ತಕದಲ್ಲಿ ಮಾತ್ರ ಇರಲ್ಲ’ ಎಂಬುದು ಮೇಡಂ ವರ್ಷಕ್ಕೆ ನೂರು ಸಲ ಹೇಳುವ ಮಾತು. ಆ ಪ್ರಶ್ನೆಯಿಂದ ಯಾರಿಗಾದರೂ ಗಾಯವಾದೀತು ಎಂದು ಅವರಿಗೆ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಆ ವರ್ಷದ ಮೂರನೇ ಕಥೆ ಒಬ್ಬ ಗಡಿಯಾರ ರಿಪೇರಿಯವನದು. ಅವನು ದಿನಾ ಸಂಜೆ ಮನೆಗೆ ಬಂದು, ಇಂದು ಎಷ್ಟು ಗಡಿಯಾರ ಸರಿಮಾಡಿದೆ ಎಂದು ಹೆಂಡತಿಗೂ ಮಗಳಿಗೂ ಹೇಳುತ್ತಾನೆ. ಒಂದು ಮಳೆಯ ದಿನ ಮಗಳು ಕೊಡೆ ಕೊಡಲು ಅಂಗಡಿಗೆ ಹೋಗುತ್ತಾಳೆ. ಅಂಗಡಿಯ ಬಾಗಿಲು ಹಾಕಿದೆ. ಬೀಗದ ಮೇಲೆ ತಿಂಗಳುಗಟ್ಟಲೆಯ ಧೂಳು. ಹೊಲಿಗೆ ಅಲ್ಲಿಗೆ ಬಿದ್ದಿತ್ತು.

ಮೂವತ್ತನಾಲ್ಕು ಕೊನೆಗಳು ಬಂದವು. ಒಂದರಲ್ಲಿ ಅಪ್ಪನಿಗೆ ಲಾಟರಿ ಹೊಡೆದಿತ್ತು. ಇನ್ನೊಂದರಲ್ಲಿ ಅಪ್ಪ ಗೂಢಚಾರ. ನಾಲ್ಕರಲ್ಲಿ ಸತ್ತಿದ್ದ. ಎರಡು ನೇರ ಗೈಡಿನಿಂದ ಬಂದವು. ಅವುಗಳಲ್ಲಿ ಒಂದೂ ತಪ್ಪಿರಲಿಲ್ಲ, ಅದರಿಂದಲೇ ಸಿಕ್ಕಿಬಿದ್ದವು. ಸ್ಟಾಫ್‌ರೂಮಿನಲ್ಲಿ ನಗುತ್ತಾ ಓದುತ್ತಿದ್ದ ಮೇಡಂ ಇಪ್ಪತ್ತೇಳನೇ ಹಾಳೆಗೆ ಬಂದಾಗ ನಗು ನಿಲ್ಲಿಸಿದರು. ಅದು ಪಿಸು ಬರೆದದ್ದು.

ಪಿಸು ಎಂಬುದು ಗೆಳತಿಯರಿಟ್ಟ ಹೆಸರು. ಮೂರನೇ ಬೆಂಚಿನ ಆ ಹುಡುಗಿ ಮಾತಾಡಿದರೆ ಎರಡನೇ ಬೆಂಚಿಗೂ ಕೇಳಿಸುತ್ತಿರಲಿಲ್ಲ. ಅವಳ ಇಂಗ್ಲಿಷು ಗಿಡ್ಡ ಗಿಡ್ಡ ವಾಕ್ಯಗಳದು, ಎಡವಿದಲ್ಲಿ ಎಡವಲಿ ಎಂದು ಬಿಟ್ಟದ್ದು. ಅರ್ಧ ಪುಟವೂ ಇರಲಿಲ್ಲ. ಮೇಡಂ ಮೂರು ಸಲ ಓದಿದರು, ಪದ್ಯವನ್ನು ಓದಿದಂತೆ. ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ, ‘ಇದು ನಿನಗೆ ಎಲ್ಲಿಂದ ಬಂತು!’ ಎಂದು ಬರೆದರು. ಬರೆದದ್ದು ಮೆಚ್ಚುಗೆಗೆ. ನಿಜವಾಗಿ ಕೇಳಬೇಕು ಎಂದು ಅನ್ನಿಸಲೇ ಇಲ್ಲ.

ಮಂಗಳವಾರ ಎರಡನೇ ಪೀರಿಯಡ್‌ನಲ್ಲಿ ಮೇಡಂ ಆ ಹಾಳೆ ಹಿಡಿದು ನಿಂತರು. ಯಾರದ್ದೆಂದು ಹೇಳುವುದಿಲ್ಲ, ಅದು ಅವರ ನಿಯಮ. ಚೆನ್ನಾಗಿ, ನಿಧಾನವಾಗಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಓದಿದರು. ಓದಿ ಮುಗಿದಾಗ ಫ್ಯಾನಿನ ಸದ್ದು ಕೇಳುತ್ತಿತ್ತು. ಆ ಮೌನ ಅವರಿಗೆ ಎಷ್ಟು ಹಿತವಾಯಿತೆಂದರೆ, ಅದೇ ಖುಷಿಯಲ್ಲಿ ಯಾವಾಗಲೂ ಕೇಳುವುದನ್ನು ಕೇಳಿಬಿಟ್ಟರು.

“ಇಂಥದ್ದನ್ನ ನೀವು ನಮ್ಮ ಊರಲ್ಲಿ ಎಲ್ಲಾದ್ರೂ ನೋಡಿದೀರಾ?”

ಮೊದಲ ಬೆಂಚಿನಿಂದ ಒಂದು ಕೈ ಬಾಣದಂತೆ ಮೇಲೆದ್ದಿತು. ಅದು ‘ರೇಡಿಯೋ’. ಪಿಸುವಿಗೆ ತದ್ವಿರುದ್ಧ, ದನಿ ತಗ್ಗಿಸುವ ಗುಂಡಿಯೇ ಇಲ್ಲದ ಹುಡುಗಿ. ಕೆಟ್ಟವಳಲ್ಲ. ಹನ್ನೊಂದು ಏಣಿಗಳಲ್ಲಿ ಐದನ್ನು ಹುಡುಕಿ ತಂದವಳು ಅವಳೇ.

“ಮೇಡಂ, ಮೇಡಂ, ನಾನು ನೋಡಿದೀನಿ! ಬಸ್‌ಸ್ಟ್ಯಾಂಡಲ್ಲಿ, ನಮ್ಮಮ್ಮನ ಪೇಪರ್ ಅಂಗಡಿ ಎದುರಿಗೇ. ಮೂರನೇ ಬೆಂಚು. ದಿನಾ ಒಬ್ರು ಬರ್ತಾರೆ ಮೇಡಂ, ಯಾವ ಬಸ್ಸೂ ಹತ್ತಲ್ಲ. ನೀವೀಗ ಓದಿದ್ರಲ್ಲ, ಅದೇ ಹಸಿರು ಮುಚ್ಚಳದ ಊಟದ ಡಬ್ಬಿನೇ! ಹಿಂಗೆ ಒರೆಸ್ತಾರೆ...” ಎಂದು ಕರವಸ್ತ್ರ ತೆಗೆದು ಒರೆಸಿ ತೋರಿಸಿದಳು. ಎಲ್ಲರೂ ನಕ್ಕರು. ಅವಳು ಇನ್ನೂ ಹುರುಪಿನಲ್ಲಿದ್ದಳು. “ನಮ್ಮಮ್ಮ ಅಂತಾರೆ, ಅವ್ರು ಬಿಸ್ಕತ್ ಫ್ಯಾಕ್ಟರಿಯವ್ರಂತೆ, ನಮ್ಮ ಪಿಸು ಅವ್ರ ಮಗ...”

ಮಾತು ಅಲ್ಲಿಗೆ ನಿಂತಿತು. ಹೇಳುತ್ತಿರುವಾಗಲೇ ಅವಳಿಗೂ ತಿಳಿದಿತ್ತು. ಕರವಸ್ತ್ರ ಕೈಯಲ್ಲೇ ಉಳಿಯಿತು.

ಮೂವತ್ತೆರಡು ತಲೆಗಳು ಮೂರನೇ ಬೆಂಚಿನತ್ತ ತಿರುಗಿದವು. ಪಿಸು ಎದ್ದು ನಿಂತು, “ಮೇಡಂ, ನೀರು ಕುಡಿದು ಬರ್ತೀನಿ” ಎಂದಳು. ಆ ದಿನ ಮಾತ್ರ ಅವಳ ದನಿ ಎಲ್ಲರಿಗೂ ಕೇಳಿಸಿತು. ಹೋದವಳು ಬರಲಿಲ್ಲ. ಬ್ಯಾಗು ಬೆಂಚಿನ ಮೇಲೆ ಸಂಜೆಯವರೆಗೂ ಬಾಯಿ ತೆರೆದುಕೊಂಡು ಬಿದ್ದಿತ್ತು.

ಮರುದಿನ ಇಲ್ಲ. ಅದರ ಮರುದಿನವೂ ಇಲ್ಲ. ರೇಡಿಯೋ ಎರಡು ದಿನ ಅತ್ತು ಕಣ್ಣು ಊದಿಸಿಕೊಂಡು ಬಂದಳು. “ನೀವು ಕೇಳಿದ್ರಲ್ಲ ಮೇಡಂ, ಅದಕ್ಕೇ ಹೇಳ್ದೆ” ಎಂದಳು. ಅದರಲ್ಲಿ ಒಂದಿಷ್ಟೂ ಸುಳ್ಳಿಲ್ಲದಿದ್ದದ್ದೇ ಮೇಡಂ ಎದೆಗೆ ಚುಚ್ಚಿತು. ಬೇರೆ ತರಗತಿಯಲ್ಲಿ ಪದ್ಯವನ್ನು ಮೂರನೇ ಸಲ ಓದಿಸಿದ ಮೇಲೆ ಪ್ರಶ್ನೆ ಕೇಳದೆ ಪುಸ್ತಕ ಮುಚ್ಚುತ್ತಿದ್ದರು.

ಎರಡು ವಾರವಾದ ಮೇಲೆ ಹೆಡ್‌ಮಾಸ್ಟರು ಕರೆಸಿದರು. ಹಾಜರಿ ಪುಸ್ತಕ ಮೇಜಿನ ಮೇಲೆ ತೆರೆದಿತ್ತು.

“ಆ ಹುಡುಗಿಗೆ ಈ ವರ್ಷ ಮೊದ್ಲೇ ಟೈಫಾಯ್ಡ್ ಅಂತ ತುಂಬ ರಜ ಆಗಿತ್ತು, ಹುಷಾರಾಗಿರು ಅಂದಿದ್ದೆ. ಈ ಸೋಮವಾರಕ್ಕೂ ಬರ್ಲಿಲ್ಲ ಅಂದ್ರೆ ಹಾಜರಾತಿ ಸಾಲಲ್ಲ ಮೇಡಂ. ಪಬ್ಲಿಕ್ ಪರೀಕ್ಷೆಗೆ ಕೂರ್ಸೋಕೆ ನನ್ನ ಕೈಲಾಗಲ್ಲ” ಎಂದರು. ಪೆನ್ನಿನ ಮುಚ್ಚಳ ತಿರುಗಿಸುತ್ತಾ, “ನಾನು ಮೊದ್ಲಿಂದ ಹೇಳ್ತಾನೇ ಇದ್ದೆ. ಎಲ್ರ ಹಾಗೆ ನೋಟ್ಸ್ ಬರೆಸಿ ಸುಮ್ಮನಿದ್ದಿದ್ರೆ ಯಾರ ಮನೆ ವಿಷ್ಯಾನೂ ಬೀದಿಗೆ ಬರ್ತಿರ್ಲಿಲ್ಲ” ಎಂದರು.

ಬೇರೆ ದಿನವಾಗಿದ್ದರೆ ಮೇಡಂ ಇದಕ್ಕೆ ಅರ್ಧ ಗಂಟೆ ಉತ್ತರ ಕೊಡುತ್ತಿದ್ದರು. ಆ ದಿನ, “ನಾನೇ ಹೋಗಿ ಬರ್ತೀನಿ ಸರ್” ಎಂದಷ್ಟೇ ಹೇಳಿ ಹೊರಬಂದರು.

ಸಂಜೆ ಅತ್ತೆಗೆ ಎಲ್ಲ ಹೇಳಿದರು. ಅತ್ತೆ ಕನ್ನಡಕ ತೆಗೆದು ಸೊಸೆಯನ್ನೇ ನೋಡಿದರು.

“ಹೋಗೋದೇನೋ ಹೋಗು. ಆದ್ರೆ ಅಲ್ಲಿ ಹೋಗಿ ನೀನು ಅಳಬೇಡ. ಅವ್ರು ನಿನ್ನನ್ನ ಸಮಾಧಾನ ಮಾಡೋ ಹಾಗಾಗಬಾರ್ದು.”

ಮನೆ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲ ತಿರುವಿನಲ್ಲಿ ಯಾರದೋ ಸೈಕಲ್, ಗೋಡೆಗೆ ಒಂದು ಏಣಿ. ಏಣಿ ಕಂಡು ಮೇಡಂಗೆ ತಮ್ಮ ಮೇಲೇ ರೇಗಿತು. ಒಂದು ಕೈಯಲ್ಲಿ ಪಿಸುವಿನ ಬ್ಯಾಗು ಹಿಡಿದು, ಇನ್ನೊಂದು ಕೈಯಲ್ಲಿ ಬಾಗಿಲು ತಟ್ಟಿದರು.

ತೆರೆದವರು ತಾಯಿ. ಕೈಯಲ್ಲಿ ಇಸ್ತ್ರಿಗೆ ನೀರು ಚಿಮುಕಿಸುವ ಬಟ್ಟಲು. ಬ್ಯಾಗು ನೋಡಿದೊಡನೆ ಯಾರೆಂದು ಅರ್ಥವಾಯಿತು.

“ಬನ್ನಿ” ಎಂದರು. ಕೂತುಕೊಳ್ಳಿ ಎನ್ನಲಿಲ್ಲ. “ಏಳು ತಿಂಗಳು, ಮೇಡಂ. ಏಳು ತಿಂಗಳು ನಾನು ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿದೀನಿ. ಕೆಳಗಿನ ಮನೆಯವ್ರು ಬಂದು, ‘ನಿಮ್ಮನೆಯವ್ರ ಕೆಲ್ಸ ಹೋಯ್ತಂತಲ್ಲ, ಶಾಲೇಲಿ ಪಾಠ ಮಾಡಿದ್ರಂತೆ’ ಅಂದ್ರು. ನನ್ನ ಗಂಡನ ಸುದ್ದಿ ನಂಗೆ ನಿಮ್ಮ ಪಾಠದಿಂದ ಗೊತ್ತಾಗ್ಬೇಕಿತ್ತಾ?”

ಮೇಡಂ ಬ್ಯಾಗು ಕೆಳಗಿಟ್ಟರು. “ನನ್ನಿಂದ ತಪ್ಪಾಯ್ತು” ಎಂದರು. “ಕಥೆ ಅಂದ್ಕೊಂಡೆ. ಚೆನ್ನಾಗಿದೆ ಅಂತ ಓದ್ದೆ. ಅವಳನ್ನ ಒಂದು ಮಾತು ಕೇಳ್ಬೇಕಿತ್ತು, ಕೇಳ್ಲಿಲ್ಲ.”

ಒಳಕೋಣೆಯ ಬಾಗಿಲಲ್ಲಿ ತಂದೆ ನಿಂತಿದ್ದರು. ಸಂಜೆ ಮನೆಯಲ್ಲೇ ಇದ್ದರೂ ಹೊರಗೆ ಹೋಗುವ ಅಂಗಿ ಪ್ಯಾಂಟು ತೊಟ್ಟಿದ್ದರು, ತಲೆ ಬಾಚಿದ್ದರು. “ಕೂತ್ಕೊಳ್ಳಿ ಮೇಡಂ” ಎಂದು ಅವರೇ ಕುರ್ಚಿ ಎಳೆದರು. ಆ ಮರ್ಯಾದೆ ತಾಯಿಯ ಸಿಟ್ಟಿಗಿಂತ ಭಾರವಾಗಿತ್ತು.

“ಎಲ್ರೂ ಅದರ ಬಗ್ಗೆ ಮಾತಾಡ್ತಾರೆ” ಎಂದರು ಅವರು. “ನಾನು ಮಾತ್ರ ಓದಿಲ್ಲ. ನಂಗೆ ಇಂಗ್ಲಿಷ್ ಬರಲ್ಲ. ಕೇಳಿದ್ರೆ ಅವಳು ಹೇಳಲ್ಲ, ಕೋಣೆ ಬಾಗ್ಲು ಹಾಕೋತಾಳೆ. ನನ್ನ ಬಗ್ಗೆ ಏನು ಬರ್ದಿದಾಳೆ? ಹೆಂಗಿದ್ರೂ ಪರ್ವಾಗಿಲ್ಲ, ಹೇಳಿ.”

ಹಾಳೆ ಮೇಡಂ ಕೈಚೀಲದಲ್ಲಿತ್ತು. ಹುಡುಗಿಗೆ ಹಿಂದಿರುಗಿಸಲೆಂದು ತಂದಿದ್ದರು. ಅವರು ಮುಚ್ಚಿದ ಕೋಣೆಯ ಕಡೆ ತಿರುಗಿದರು. ಈ ಸಲ ಮೊದಲು ಅವಳನ್ನು ಕೇಳಲು ಮರೆಯಲಿಲ್ಲ.

“ಪುಟ್ಟಿ” ಎಂದರು ಬಾಗಿಲ ಹತ್ತಿರ ಹೋಗಿ, “ನಿನ್ನ ಹಾಳೆ ನನ್ನ ಹತ್ರ ಇದೆ. ನಿಮ್ಮಪ್ಪ ಕೇಳ್ತಿದಾರೆ. ಓದಲಾ? ಬೇಡ ಅಂದ್ರೆ ಬಾಗಿಲ ಕೆಳಗೆ ತಳ್ಳಿ ಹೊರಟುಹೋಗ್ತೀನಿ.”

ತಾಯಿಯ ಕೈಯಲ್ಲಿದ್ದ ಬಟ್ಟಲಿನಿಂದ ಒಂದೊಂದೇ ಹನಿ ನೆಲಕ್ಕೆ ಬೀಳುತ್ತಿತ್ತು. ಆಮೇಲೆ ಒಳಗಿನಿಂದ ದನಿ ಬಂತು, ಬಾಗಿಲಿಗೆ ಕಿವಿಯಿಟ್ಟರೆ ಮಾತ್ರ ಕೇಳುವಷ್ಟು.

“ಅಪ್ಪಂಗೆ ಓದಿ. ಮೆಲ್ಲಗೆ.”

ಮೇಡಂ ಕುರ್ಚಿಗೆ ಬಂದು ಕೂತು, ಇಂಗ್ಲಿಷಿನ ಒಂದೊಂದು ವಾಕ್ಯವನ್ನೂ ಕಣ್ಣಲ್ಲೇ ಓದಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದರು.

“ಮಗಳು ಬೀಗ ಮುಟ್ಟಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಅಪ್ಪ ಬಸ್‌ಸ್ಟ್ಯಾಂಡಿನ ಮೂರನೇ ಬೆಂಚಿನಲ್ಲಿ ಕೂತಿದ್ದರು. ಒಂದು ಗಂಟೆಗೆ ಡಬ್ಬಿ ತೆಗೆದರು. ಹಸಿರು ಮುಚ್ಚಳವನ್ನು ಕರವಸ್ತ್ರದಲ್ಲಿ ಒರೆಸಿದರು. ಕಂಬದ ಕಡೆ ತಿರುಗಿ ಊಟ ಮಾಡಿದರು. ಮೊದಲು ಅಪ್ಪನ ಅಂಗಿಗೆ ಎಣ್ಣೆಯ ವಾಸನೆ ಇತ್ತು. ಈಗ ಬಿಸಿಲಿನ ವಾಸನೆ.”

ಕೆಂಪು ಗೆರೆ ಇದ್ದದ್ದು ಆ ಸಾಲಿನ ಕೆಳಗೆ. ಮೇಡಂ ಹೆಬ್ಬೆರಳಿನಿಂದ ಗೆರೆಯನ್ನೂ, ಪಕ್ಕದ ತಮ್ಮ ಅಕ್ಷರಗಳನ್ನೂ ಮುಚ್ಚಿಕೊಂಡರು.

“ಬಟ್ಟೆ ಒಗೆಯೋಳು ನಾನು” ಎಂದರು ತಾಯಿ, ಯಾರಿಗೋ ಹೇಳುವಂತೆ. “ಬಿಸ್ಕತ್ತಿನ ವಾಸನೆ ಹೋಗಿದ್ದು ನಂಗೇ ಗೊತ್ತಾಗ್ಲಿಲ್ಲ.”

“ಸಂಜೆ ಮಗಳು ಕೇಳಿದಳು, ಅಪ್ಪ, ಇವತ್ತು ಎಷ್ಟು ಗಡಿಯಾರ? ಅಪ್ಪ ಅಂದರು, ಏಳು. ಮಗಳು ಅಂದಳು, ನಿನ್ನೆಗಿಂತ ಎರಡು ಜಾಸ್ತಿ.” ಮೇಡಂ ಹಾಳೆ ಮಡಿಸಿದರು. “ಇಷ್ಟೇ.”

ತಂದೆ ಕಿಟಕಿಯ ಕಡೆ ನೋಡುತ್ತಿದ್ದರು.

“ಗಡಿಯಾರ ಅಲ್ಲ, ಲಾರಿ” ಎಂದರು. “ಲೋಡಿಂಗ್ ನೋಡ್ಕೋತಿದ್ದೆ ನಾನು. ದಿನಾ ಕೇಳ್ತಿದ್ಲು, ಎಷ್ಟು ಲಾರಿ ಲೋಡಾಯ್ತು ಅಪ್ಪ ಅಂತ. ಏಳು ಅಂದಿದ್ದೆ ಒಂದಿನ. ನಿನ್ನೆಗಿಂತ ಎರಡು ಜಾಸ್ತಿ ಅಂದ್ಲು. ನಂಬಿದಾಳೆ ಅಂತ ನಂಗೆ ಎಷ್ಟು ನಿರಾಳ ಆಯ್ತು ಗೊತ್ತಾ ಮೇಡಂ? ರಾಗಿ ಕಾಳಷ್ಟೂ ಅನುಮಾನ ಬರ್ಲಿಲ್ಲ.” ಅವರು ನಗಲು ನೋಡಿದರು, ಆಗಲಿಲ್ಲ. “ನಾನು ಅವಳಿಗೋಸ್ಕರ ನಾಟಕ ಆಡ್ತಿದ್ದೆ ಅಂದ್ಕೊಂಡೆ. ಅವಳು ನಂಗೋಸ್ಕರ ಆಡ್ತಿದ್ಲು.”

ಕೋಣೆಯ ಬಾಗಿಲು ತೆರೆಯಿತು. ಪಿಸು ಹೊರಬಂದಳು, ಎರಡು ವಾರಕ್ಕೆ ಕೆನ್ನೆ ಒಳಸೇರಿತ್ತು. ಅಪ್ಪನ ಕಡೆಗಲ್ಲ, ನೇರ ಮೇಡಂ ಕಡೆಗೆ ಬಂದು ಕೈ ಚಾಚಿದಳು. ಮೇಡಂ ಹಾಳೆ ಕೊಟ್ಟರು.

“ಇದನ್ನ ನಾನು ಯಾರಿಗೂ ಹೇಳೋಕೆ ಆಗ್ತಿರ್ಲಿಲ್ಲ ಮೇಡಂ. ಅಮ್ಮಂಗೂ ಆಗ್ತಿರ್ಲಿಲ್ಲ. ನಿಮಗೊಬ್ರಿಗೆ ಅಂತ ಬರ್ದೆ.”

“ನಂಗೆ ಗೊತ್ತಾಗ್ಲಿಲ್ಲ, ಪುಟ್ಟಿ.”

“ಗೊತ್ತಾಗತ್ತೆ ಅಂದ್ಕೊಂಡಿದ್ದೆ” ಎಂದಳು ಅವಳು.

ಅಳಬೇಡ ಎಂದಿದ್ದರು ಅತ್ತೆ. ಮೇಡಂ ಅಳಲಿಲ್ಲ. ಸೋಮವಾರದ ಗಡುವನ್ನು ವಿವರಿಸಿದರು. ಬಾರದಿದ್ದರೆ ಒಂದು ವರ್ಷ ಹೋಗುತ್ತದೆ ಎಂದು ನೇರವಾಗಿ ಹೇಳಿದರು. ನನ್ನ ತಪ್ಪಿಗೆ ನಿನ್ನ ವರ್ಷ ಕೊಡಬೇಡ ಎಂದರು. ಬೇಕಿದ್ದರೆ ಇಂಗ್ಲಿಷ್ ಪೀರಿಯಡ್‌ನಲ್ಲಿ ಗ್ರಂಥಾಲಯದಲ್ಲಿ ಕೂರಬಹುದು, ಹಾಜರಿ ನಾನು ಹಾಕುತ್ತೇನೆ ಎಂದರು. ಹುಡುಗಿ ಬ್ಯಾಗು ಎತ್ತಿಕೊಂಡು ಕೋಣೆಗೆ ಹೋದಳು. ತಾಯಿ ಕೊನೆಗೂ, “ಟೀ ಕುಡೀತೀರಾ?” ಎಂದು ಕೇಳಿದರು. ಕುಡಿದು ಹೋಗಲಿ ಎಂಬ ಇಚ್ಛೆ ಆ ದನಿಯಲ್ಲಿರಲಿಲ್ಲ. ಮೇಡಂ ಬೇಡವೆಂದು ಎದ್ದರು.

ಸೋಮವಾರ ಅವಳು ಬಂದಳು. ಗ್ರಂಥಾಲಯಕ್ಕೆ ಹೋಗಲಿಲ್ಲ, ಮೂರನೇ ಬೆಂಚಿನಲ್ಲೇ ಕೂತಳು. ರೇಡಿಯೋ ಅವಳ ಪಕ್ಕಕ್ಕೆ ಜಾಗ ಬದಲಾಯಿಸಿ, ಇಡೀ ದಿನ ಒಂದು ಮಾತೂ ಆಡದೆ ಕೂತದ್ದು ಶಾಲೆಯ ಚರಿತ್ರೆಯಲ್ಲೇ ಮೊದಲು.

ಪಿಸು ಪಾಠ ಕೇಳುತ್ತಿದ್ದಳು, ಬರೆದುಕೊಳ್ಳುತ್ತಿದ್ದಳು. ಆದರೆ ಏನೋ ಮುಗಿದುಹೋಗಿತ್ತು. ಶಾಲೆಯಲ್ಲೇ ನಡೆದ ಪರೀಕ್ಷೆಯಲ್ಲಿ ಗಡಿಯಾರ ರಿಪೇರಿಯವನ ಮೇಲೆ ಪ್ರಶ್ನೆ ಬಂತು. ಪುಸ್ತಕದಲ್ಲಿದ್ದ ಕೊನೆಯನ್ನು ಅವಳು ಅಲ್ಪವಿರಾಮ ಸಹಿತ ಹಾಗೇ ಇಳಿಸಿದ್ದಳು. ಒಂದೂ ತಪ್ಪಿರಲಿಲ್ಲ. ಮೇಡಂ ಪೂರ್ತಿ ಅಂಕ ಕೊಟ್ಟು, ಪೆನ್ನು ಕೆಳಗಿಟ್ಟು, ಮುಂದಿನ ಉತ್ತರ ಪತ್ರಿಕೆ ಎತ್ತಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು.

ಮೇಡಂ ತಮ್ಮ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದರು. ಯಾರ ಹಾಳೆಯನ್ನಾದರೂ ಓದುವ ಮುಂಚೆ ಅವಳನ್ನು ಕಾರಿಡಾರಿಗೆ ಕರೆದು, “ಓದಲಾ?” ಎಂದು ಕೇಳುತ್ತಿದ್ದರು. ಬೇಡ ಎನ್ನುವವರೇ ಹೆಚ್ಚಾದರು. ತರಗತಿ ಮೊದಲಿನಷ್ಟು ಗಲಾಟೆಯಾಗಿರಲಿಲ್ಲ. ಹೆಡ್‌ಮಾಸ್ಟರಿಗೆ ಅದು ಒಳ್ಳೆಯ ಲಕ್ಷಣವಾಗಿ ಕಂಡಿತು. ಒಂದೆರಡು ಸಲ ಬಸ್ಸಿನ ಕಿಟಕಿಯಿಂದ ಮೇಡಂ ಆ ತಂದೆಯನ್ನು ಕಂಡರು. ಹಸಿರು ಮುಚ್ಚಳದ ಡಬ್ಬಿ ಹಿಡಿದು ಎಲ್ಲಿಗೋ ಬೇಗ ಬೇಗ ನಡೆಯುತ್ತಿದ್ದರು. ಕೆಲಸಕ್ಕೋ, ಇನ್ನೊಂದು ಬೆಂಚಿಗೋ, ತಿಳಿಯುವಂತಿರಲಿಲ್ಲ.

ವರ್ಷದ ಕೊನೆಯ ಪಾಠ ಒಂದು ಸಣ್ಣ ಪದ್ಯ. ಮೂರು ಸಲ ಓದಿಸಿ, ನಿಮಗೆ ತೋಚಿದ್ದನ್ನು ನಾಲ್ಕು ಸಾಲು ಬರೆದು ತನ್ನಿ, ಬರೆಯದಿದ್ದರೂ ನಡೆಯುತ್ತದೆ ಎಂದು ಮೇಡಂ ಹೇಳಿದ್ದರು. ಶುಕ್ರವಾರ ಬಂದ ಹತ್ತೊಂಬತ್ತು ಹಾಳೆಗಳ ನಡುವೆ ಒಂದು ಹಾಳೆ ನಾಲ್ಕಾಗಿ ಮಡಿಸಿತ್ತು, ಮೂರು ಅಂಚಿಗೂ ನೀಲಿ ದಾರದ ಹೊಲಿಗೆ ಬಿದ್ದಿತ್ತು. ಮೇಲೆ ಹೆಸರಿಲ್ಲ.

ಮೇಡಂ ಅದನ್ನು ಹಿಡಿದು ಕಾರಿಡಾರಿಗೆ ಹೋದರು. ಪಿಸು ನಲ್ಲಿಯ ಹತ್ತಿರ ಬಾಟಲಿಗೆ ನೀರು ಹಿಡಿಯುತ್ತಿದ್ದಳು.

“ಬಿಚ್ಚಲಾ?”

ಅವಳು ಬಾಟಲಿ ತುಂಬಿಸಿ ಮುಚ್ಚಳ ತಿರುಗಿಸಿದಳು. “ಇನ್ನೂ ಬೇಡ ಮೇಡಂ” ಎಂದಳು. “ನಿಮ್ಮ ಹತ್ರ ಇರ್ಲಿ.”

ಮನೆಯಲ್ಲಿ ಊಟದ ಮೇಜಿನ ಮೇಲಿದ್ದ ಆ ಹಾಳೆ ಅತ್ತೆಯ ಕಣ್ಣಿಗೆ ಬಿತ್ತು. ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಅಂಚಿನುದ್ದಕ್ಕೂ ಬೆರಳಾಡಿಸಿದರು.

“ಇದು ನಿನ್ನ ಕೈಯದಲ್ಲ” ಎಂದರು. “ಎಷ್ಟು ಒತ್ತೊತ್ತಾಗಿ ಹಾಕಿದಾಳೆ ನೋಡು. ಇದನ್ನ ಬಿಚ್ಚೋಕೆ ಹೋದ್ರೆ ಕಾಗದ ಹರಿಯತ್ತೆ.”

“ಬಿಚ್ಚಲ್ಲ ಅತ್ತೆ” ಎಂದರು ಮೇಡಂ. ಅಂಕದ ಪಟ್ಟಿಯಲ್ಲಿ ಆ ಹುಡುಗಿಯ ಹೆಸರಿನ ಮುಂದೆ ‘ಬಂದಿದೆ’ ಎಂದು ಬರೆದು, ಹಾಳೆಯನ್ನು ಪುಸ್ತಕದ ನಡುವೆ ಇಟ್ಟರು.